ಮೊದಲು ಕಾಗದ, ಆಮೇಲೆ ಗಾಲಿ



ಹೊನ್ನಾವರ ತಾಲೂಕಿನ ಒಳಭಾಗದ ಶಾಲೆಯೊಂದರ ಜಗಲಿಯಲ್ಲಿ ಈಚೆಗೆ ನಮ್ಮ ಬಳಗದ ಸಭೆ ಸೇರಿದ್ದಾಗ ಕೆಲವು ಉತ್ಸಾಹಿ ಗೆಳೆಯರು ಒಂದು ಪ್ರಸ್ತಾಪವನ್ನು ಮುಂದಿಟ್ಟರು. ಸೈನ್ಯವು ಸೇವೆಯಿಂದ ಕಳಚಿದ ಹಳೆಯ ಲಾರಿಯೊಂದು ಮಧ್ಯವರ್ತಿಯ ಬಳಿ ಮಾರಾಟಕ್ಕಿದೆ. ಅದನ್ನು ಕೊಂಡು, ಹಿಂಬದಿಯಲ್ಲಿ ನಾಲ್ವರು ಮಲಗುವಷ್ಟು ಮಂಚ, ಅಡಿಗೆಕಟ್ಟೆ, ನೀರಿನ ಟಾಕಿ, ಪುಸ್ತಕ ಮತ್ತು ನಾಟಿ ಬೀಜಗಳ ಕಪಾಟುಗಳನ್ನು ಕೂಡಿಸಿ, ಭಟ್ಕಳದಿಂದ ಕುಮಟೆಯವರೆಗೆ ಹಳ್ಳಿಹಳ್ಳಿಗೆ ಹೋಗುವ ಸಂಚಾರಿ ಮನೆಯನ್ನಾಗಿ ಮಾಡೋಣ. ಮಕ್ಕಳ ನಿಸರ್ಗ ಶಿಬಿರಕ್ಕೂ ಅದೇ ಆದೀತು ಎಂಬುದು ಅವರ ಕನಸು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನು ಕೇಳಿದ್ದು ಎರಡೇ ಪ್ರಶ್ನೆ. ಈ ಲಾರಿಯ ಆರ್.ಸಿ. ಯಾರ ಹೆಸರಿನಲ್ಲಿದೆ? ಇದಕ್ಕೆ ವಿಮೆ ಯಾರು ಕೊಡುತ್ತಾರೆ?

‘ಅದನ್ನೆಲ್ಲ ಆಮೇಲೆ ಮಾಡಿಸಿದರಾಯಿತು ಸಾರ್, ಮೊದಲು ಗಾಡಿ ಬರಲಿ’ ಎಂದು ಉತ್ತರ ಬಂತು. ಹಿರಿಯರೊಬ್ಬರು, ‘ಡಾಕ್ಟ್ರೇ, ಒಳ್ಳೇ ಕೆಲಸಕ್ಕೆ ಮೊದಲೇ ಅಡ್ಡಗಾಲು ಹಾಕಬೇಡಿ’ ಎಂದು ನಕ್ಕರು.

ಈ ‘ಆಮೇಲೆ’ ಎಂಬ ಒಂದು ಮಾತನ್ನು ವಿರೋಧಿಸುವುದಕ್ಕಾಗಿಯೇ ಈ ಲೇಖನ. ನೋಂದಣಿ, ವಿಮೆ ಎಂದರೆ ವಾಹನದ ಮಾಲೀಕನಿಗೆ ಸರಕಾರ ಕೊಡುವ ಕಿರುಕುಳವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಈ ಭಾವನೆ ತಪ್ಪು. ಅವೆರಡೂ ಲಾರಿಯಲ್ಲಿ ಕುಳಿತವನಿಗಿಂತ ಹೆಚ್ಚಾಗಿ ರಸ್ತೆಯ ಅಂಚಿನಲ್ಲಿ ನಡೆದು ಹೋಗುವವನ ಹಕ್ಕುಗಳು. ಶಾಲೆಗೆ ಹೊರಟ ಮಗು, ಸೊಪ್ಪಿನ ಹೊರೆ ಹೊತ್ತ ಹೆಂಗಸು, ಕುಮಟೆಯ ಸಂತೆಗೆ ತರಕಾರಿ ಬುಟ್ಟಿ ಒಯ್ಯುವ ಹಾಲಕ್ಕಿ ಅಜ್ಜಿ, ಇವರ ಪರವಾಗಿ ನಿಲ್ಲುವ ಸಾಕ್ಷಿಗಳು ಆ ಎರಡು ಕಾಗದಗಳು ಮಾತ್ರ. ಪರಿಸರದ ಹೆಸರು ಹೇಳುವ ನಾವೇ ಅವನ್ನು ಹಗುರವಾಗಿ ಕಂಡರೆ, ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರವನ್ನು ಕಳೆದುಕೊಳ್ಳುತ್ತೇವೆ.

ಬಾಣದ ಗುರುತು ಇದ್ದಾಗ

ಸೈನ್ಯದ ವಾಹನದ ಸಂಖ್ಯಾಫಲಕವನ್ನು ಗಮನಿಸಿದ್ದೀರಾ? ಮೇಲ್ಮುಖವಾದ ಒಂದು ಬಾಣ, ಅದರ ಬಳಿಕ ವರ್ಷವನ್ನು ಸೂಚಿಸುವ ಎರಡು ಅಂಕಿ, ಆನಂತರ ಉಳಿದ ಅಕ್ಷರ ಮತ್ತು ಅಂಕಿಗಳು. ನಮ್ಮ ಹೊನ್ನಾವರ ಸಾರಿಗೆ ಕಚೇರಿಯ ‘ಕೆಎ 47’ ಅಲ್ಲಿ ಇರುವುದಿಲ್ಲ. ಯಾಕೆಂದರೆ 1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನ ಪ್ರಕಾರ ರಕ್ಷಣಾ ಕಾರ್ಯಕ್ಕೆ ಬಳಸುವ ಕೇಂದ್ರ ಸರಕಾರದ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯಿದೆ. ರಾಜ್ಯದ ಸಾರಿಗೆ ಕಚೇರಿಯಲ್ಲಿ ಅವನ್ನು ನೋಂದಾಯಿಸಬೇಕಾಗಿಲ್ಲ. ಅದೇ ಕಾಯ್ದೆಯ 146ನೇ ಕಲಮು ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡುತ್ತದೆ. ಆದರೆ ವಾಣಿಜ್ಯಕ್ಕೆ ಸಂಬಂಧಿಸದ ಸರಕಾರಿ ಕೆಲಸದಲ್ಲಿರುವ ಸರಕಾರಿ ವಾಹನಕ್ಕೆ ವಿನಾಯಿತಿ ಕೊಡುತ್ತದೆ.

ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಸೈನ್ಯದ ಲಾರಿಗೆ ವಿಮೆ ಬೇಡವೆಂದರೆ ಅದರಿಂದ ಅಪಾಯವಿಲ್ಲವೆಂದಲ್ಲ. ಅನಾಹುತವಾದರೆ ಹೊಣೆ ಹೊರಲು ಅದರ ಹಿಂದೆ ಭಾರತ ಸರಕಾರವೇ ನಿಂತಿದೆ, ಆದ್ದರಿಂದ ವಿಮಾ ಕಂಪನಿ ಬೇಕಾಗಿಲ್ಲ. ಲಾರಿ ಹರಾಜಾದ ದಿನ ಬಾಣದ ಗುರುತಿನೊಂದಿಗೆ ಆ ಹೊಣೆಗಾರನೂ ಕಳಚಿಹೋಗುತ್ತಾನೆ. ಕೇಂದ್ರ ಸರಕಾರದ ಒಡೆತನ ಮುಗಿದ ಕೂಡಲೇ 39 ಮತ್ತು 40ನೇ ಕಲಮುಗಳು ಅನ್ವಯಿಸುತ್ತವೆ ಎಂದು 60ನೇ ಕಲಮೇ ಹೇಳುತ್ತದೆ. ಅಂದರೆ ಆ ಕ್ಷಣದಿಂದ ಅದು ಎಲ್ಲ ಲಾರಿಗಳಂತೆಯೇ ಒಂದು ಲಾರಿ. ಹೊಸ ಮಾಲೀಕನು ನೋಂದಣಿ ಮತ್ತು ವಿಮೆ ಮಾಡಿಸುವವರೆಗೆ ಅದು ಅನಾಥ ವಾಹನ. ಅದರಿಂದ ಗಾಯಗೊಂಡವನೂ ಅನಾಥ.

‘ಊರೊಳಗೆ ತರುವುದಿಲ್ಲ, ನಮ್ಮ ಸೊಪ್ಪಿನ ಬೆಟ್ಟದಲ್ಲಷ್ಟೇ ಓಡಿಸುತ್ತೇವೆ’ ಎನ್ನುವವರೂ ಇದ್ದಾರೆ. 39ನೇ ಕಲಮನ್ನು ಅವರು ಒಮ್ಮೆ ಓದಬೇಕು. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರಾವುದೇ ಸ್ಥಳದಲ್ಲಾಗಲಿ ಓಡಿಸಬಾರದು ಎಂದು ಅದು ಸ್ಪಷ್ಟವಾಗಿ ವಿಧಿಸಿದೆ. ಬೆಟ್ಟವೂ ‘ಬೇರಾವುದೇ ಸ್ಥಳ’ದೊಳಗೆ ಬರುತ್ತದೆ.

ಬಾಗಿಲು ಇದೆ, ಕೀಲಿಕೈ ಬೇಕು

ಹಾಗಾದರೆ ಸೈನ್ಯದ ಹಳೆಯ ವಾಹನವನ್ನು ಸಾಮಾನ್ಯ ನಾಗರಿಕ ನೋಂದಾಯಿಸಲೇಬಾರದೇ? ಹಾಗೇನಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮದಲ್ಲಿ ಸೈನ್ಯದಿಂದ ಬಂದ ವಾಹನಗಳ ಉಲ್ಲೇಖವೇ ಇದೆ. ನಮೂನೆ 20ರಲ್ಲಿ ಅರ್ಜಿ ಸಲ್ಲಿಸಬೇಕು. ಅದರೊಂದಿಗೆ ಸಂಬಂಧಪಟ್ಟ ಅಧಿಕಾರಿಗಳು ನಮೂನೆ 21ರಲ್ಲಿ ಕೊಟ್ಟ ಮೂಲ ಮಾರಾಟ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ವಿಳಾಸದ ದಾಖಲೆ ಮತ್ತು ರಸ್ತೆಯೋಗ್ಯತೆಯ ಪ್ರಮಾಣಪತ್ರ ಇರಬೇಕು. ವಾಹನವನ್ನು ಇನ್‌ಸ್ಪೆಕ್ಟರರ ಮುಂದೆ ತಂದು ನಿಲ್ಲಿಸಿ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ತಾಳೆ ನೋಡಿಸಬೇಕು. ಜಬಲ್‌ಪುರದಲ್ಲಿ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿಯಾಗಲಿ, ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಆಗಲಿ, ದಾರಿ ಇದೊಂದೇ.

ಇಲ್ಲಿ ‘ಮೂಲ’ ಎಂಬ ಶಬ್ದವನ್ನು ಗಮನಿಸಿರಿ. ಹರಾಜಿನಲ್ಲಿ ಮೊದಲು ಕೊಂಡವನಿಗೆ ಇಲಾಖೆ ಕೊಟ್ಟ ಪತ್ರ ಅದು. ಮಧ್ಯವರ್ತಿಯು ಛಾಪಾ ಕಾಗದದ ಮೇಲೆ ಬರೆದುಕೊಡುವ ಕರಾರು ಅದಕ್ಕೆ ಸಮನಾಗದು. ಇನ್ನೂ ಮುಖ್ಯವಾದುದು ಆ ಪತ್ರದಲ್ಲಿ ಏನೆಂದು ಬರೆದಿದೆ ಎಂಬುದು. ಓಡುವ ವಾಹನವೆಂದು ಮಾರಿದ್ದಾರೆಯೇ, ಗುಜರಿಯೆಂದು ಮಾರಿದ್ದಾರೆಯೇ? 2021ರ ಸೆಪ್ಟೆಂಬರಿನಲ್ಲಿ ವಾಹನ ಗುಜರಿ ಘಟಕಗಳ ನಿಯಮಗಳು ಹೊರಬಂದವು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ದೇಶದ ರಕ್ಷಣೆಯ ಕಾರ್ಯಾಚರಣೆಯಲ್ಲಿರುವ ವಿಶೇಷ ವಾಹನಗಳಿಗೆ ಇದರಿಂದ ವಿನಾಯಿತಿ ಇದೆ. ಅವು ಕಾರ್ಯಾಚರಣೆಯಲ್ಲಿರುವಷ್ಟು ಕಾಲ ಮಾತ್ರ. ಗುಜರಿಯೆಂದು ಮಾರಿದ್ದು ಗುಜರಿಯೇ. ಅದಕ್ಕೆ ಹಸಿರು ಬಣ್ಣ ಬಳಿದು, ಪರದೆ ಕಟ್ಟಿ, ಮರದ ಮಂಚ ಹಾಕಿದ ಮಾತ್ರಕ್ಕೆ ಅದು ವಾಹನವಾಗಿ ಮರುಹುಟ್ಟು ಪಡೆಯುವುದಿಲ್ಲ.

ನಮ್ಮ ಸಭೆಯಲ್ಲಿ ಹೆಸರಿಸಿದ ಲಾರಿಯ ಮೂಲ ಪತ್ರವನ್ನು ನಾನು ಕೇಳಿದೆ. ಮೂರು ವಾರಗಳ ಬಳಿಕ ನನಗೆ ಸಿಕ್ಕಿದ್ದು ಅಸ್ಪಷ್ಟವಾದ ಒಂದು ಜೆರಾಕ್ಸ್ ಪ್ರತಿ. ಅದರಲ್ಲಿ ಎಂಜಿನ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಓದಲಾಗಲಿಲ್ಲ. ನಮ್ಮ ಪ್ರಸ್ತಾಪ ನಿಂತಿರುವುದು ಈ ಕಾಗದದ ಮೇಲೆ!

ಲಾರಿ ಮನೆಯಾಗುವಾಗ

ಮೂಲ ಪತ್ರ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಎರಡನೆಯ ತೊಡಕು ಆಗ ಎದುರಾಗುತ್ತದೆ. ಲಾರಿಯನ್ನು ಲಾರಿಯೆಂದು ನೋಂದಾಯಿಸಿ, ಆಮೇಲೆ ಮನೆ ಮಾಡಿಕೊಂಡರಾಗದೇ ಎಂದು ಗೆಳೆಯರ ತರ್ಕ. ಆಗದು. ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ಆರ್.ಸಿ. ಹೊಂದಿಕೆಯಾಗದಂತೆ ವಾಹನವನ್ನು ಮಾರ್ಪಡಿಸಬಾರದೆಂದು ಕಾಯ್ದೆಯ 52ನೇ ಕಲಮು ಹೇಳುತ್ತದೆ. ಈ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಖಾಸಗಿ ಬಳಕೆಯ ಕ್ಯಾಂಪರ್ ವಾಹನವೆಂಬ ವರ್ಗವೊಂದು ನಮ್ಮ ಕಾನೂನಿನಲ್ಲಿದೆ. ಕ್ಯಾರವಾನ್‌ಗಳಿಗೆಂದೇ ಎ.ಐ.ಎಸ್. 124 ಎಂಬ ತಾಂತ್ರಿಕ ಮಾನದಂಡವೂ ಇದೆ. ಆಸನ, ಮೇಜು, ಮಲಗುವ ಜಾಗ, ಅಡಿಗೆಯ ಸೌಕರ್ಯ, ಸಾಮಾನಿಡುವ ಜಾಗ ಇವೆಲ್ಲ ವಾಹನಕ್ಕೆ ಭದ್ರವಾಗಿ ಜೋಡಿಸಿರಬೇಕು. ಮಾದರಿಯನ್ನು ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆ ಪರೀಕ್ಷಿಸಿ ಒಪ್ಪಬೇಕು. ಆದರೆ ಈ ಏರ್ಪಾಡು ವಾಹನ ತಯಾರಕರನ್ನೂ ದೊಡ್ಡ ಬಾಡಿ ಕಟ್ಟುವ ಕಂಪನಿಗಳನ್ನೂ ಎದುರಿಗಿಟ್ಟುಕೊಂಡು ರೂಪಿಸಿದ್ದು. ಕುಮಟೆಯ ಗ್ಯಾರೇಜಿನ ಪಕ್ಕದಲ್ಲಿ ಬಡಗಿ ಮತ್ತು ವೆಲ್ಡಿಂಗಿನವರನ್ನು ಕೂಡಿಸಿಕೊಂಡು ಒಂದೇ ಒಂದು ಲಾರಿಯನ್ನು ಮನೆ ಮಾಡುವವನಿಗೆ ಇದು ನಿಲುಕುವುದು ಬಲು ಕಷ್ಟ.

ಮೂರನೆಯದು ವಿಮೆ. ವಿಮೆಯ ಒಪ್ಪಂದ ನಿಂತಿರುವುದು ಸತ್ಯ ಹೇಳುವುದರ ಮೇಲೆ. ಪಾಲಿಸಿಯಲ್ಲಿ ‘ಸರಕು ಲಾರಿ’ ಎಂದು ಬರೆಸಿ ಒಳಗೆ ಅಡಿಗೆಮನೆ ಕಟ್ಟಿದರೆ, ಬೆಂಕಿ ಬಿದ್ದ ದಿನ ಕಂಪನಿ ನಷ್ಟ ತುಂಬಿಕೊಡಲು ನಿರಾಕರಿಸುವುದು ಸಹಜ. ಮನೆಬಳಕೆಯ ಗ್ಯಾಸ್ ಸಿಲಿಂಡರನ್ನು ಡೀಸೆಲ್ ಟಾಕಿಯ ಮೇಲೆ ಇಟ್ಟುಕೊಂಡು ಘಟ್ಟದ ತಿರುವುಗಳಲ್ಲಿ ಕುಲುಕಾಡಿಸುವವರು ಬೆಂಕಿಯನ್ನು ದೂರದ ಮಾತೆನ್ನುವಂತಿಲ್ಲ. ಇನ್ನು ಹಿಂಬದಿಯಲ್ಲಿ ಕುಳಿತ ಮಕ್ಕಳ ಗತಿಯೇನು? ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರಿಗೆ ವಿಮಾ ಕಂಪನಿಯು ಪರಿಹಾರ ಕೊಡಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲೇ ತೀರ್ಪು ಕೊಟ್ಟಿದೆ. ಮದುವೆ ದಿಬ್ಬಣ, ಜಾತ್ರೆಗಳಿಗೆ ಲಾರಿ ಹತ್ತುವ ನಮ್ಮ ಹಳ್ಳಿಗರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಿಸರ್ಗ ಶಿಬಿರವೆಂದು ಕರೆದುಕೊಂಡು ಹೋದ ಮಗುವಿನ ತಂದೆತಾಯಿಯ ಮುಂದೆ ಆಮೇಲೆ ಯಾವ ಮುಖ ಹೊತ್ತು ನಿಲ್ಲುತ್ತೇವೆ?

ಓಡಿಸುವವನ ಲೈಸೆನ್ಸಿನ ಮಾತೂ ಇದೆ. ಕಾರಿನ ಲೈಸೆನ್ಸಿನಲ್ಲಿ 7,500 ಕಿಲೋ ಒಟ್ಟು ತೂಕದವರೆಗಿನ ವಾಹನವನ್ನು ಓಡಿಸಬಹುದೆಂದು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ಸ್ಪಷ್ಟಪಡಿಸಿದೆ. ಸೈನ್ಯದ ದೊಡ್ಡ ಲಾರಿ ಆ ಮಿತಿಯನ್ನು ದಾಟುವಂಥದ್ದು. ನಮ್ಮಲ್ಲಿ ಭಾರಿ ವಾಹನದ ಲೈಸೆನ್ಸ್ ಎಷ್ಟು ಜನರ ಬಳಿ ಇದೆ? ಸಭೆಯಲ್ಲಿ ಕೈ ಎತ್ತಲು ಹೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ.

ಗೋಕರ್ಣದ ಉದಾಹರಣೆ ನಮಗೆ ಹೊಂದದು

‘ಗೋಕರ್ಣಕ್ಕೆ ವಿದೇಶೀಯರು ಇಂಥದೇ ಲಾರಿಯಲ್ಲಿ ಬರುತ್ತಾರಲ್ಲ, ಅವರನ್ನು ಯಾರು ಕೇಳುತ್ತಾರೆ?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಉತ್ತರ ಕೊಡಬೇಕಾದ ಪ್ರಶ್ನೆಯೇ ಅದು. ಹಾಗೆ ಬರುವ ವಾಹನ ಅದರ ಸ್ವದೇಶದಲ್ಲಿ ನೋಂದಣಿಯಾದದ್ದು. ಕಾರ್ನೆ ಎಂಬ ಸುಂಕ ಪತ್ರದ ಆಧಾರದ ಮೇಲೆ ತಾತ್ಕಾಲಿಕವಾಗಿ ನಮ್ಮ ದೇಶದೊಳಗೆ ಬರುತ್ತದೆ. ಅವಧಿಯೊಳಗೆ ಮರಳಿ ಒಯ್ಯದಿದ್ದರೆ ಸುಂಕ ಕಟ್ಟಬೇಕಾಗುತ್ತದೆ. ನಮ್ಮ ರಸ್ತೆಯಲ್ಲಿ ಓಡಿಸಲು ಇಲ್ಲಿಯ ಥರ್ಡ್ ಪಾರ್ಟಿ ವಿಮೆ ಅದಕ್ಕೂ ಬೇಕು. ಜರ್ಮನಿಯಲ್ಲಿ ಸೈನ್ಯದ ಲಾರಿಯನ್ನು ಮನೆ ಮಾಡುವವನು ಪರೀಕ್ಷಕ ಎಂಜಿನಿಯರರ ಒಪ್ಪಿಗೆ ಪಡೆದು, ದಾಖಲೆಯಲ್ಲಿ ವಾಹನದ ವರ್ಗವನ್ನೇ ಬದಲಿಸಿಕೊಳ್ಳುತ್ತಾನೆ. 30 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ಅಲ್ಲಿ ಪ್ರತ್ಯೇಕ ಫಲಕವೂ ಉಂಟು. ನಾವು ಅವರ ಲಾರಿಯ ಚಿತ್ರವನ್ನಷ್ಟೇ ನೋಡಿದ್ದೇವೆ. ಅದರ ಹಿಂದಿನ ಕಡತವನ್ನು ನೋಡಿಲ್ಲ.

ಘಟ್ಟದ ಲೆಕ್ಕ ಬೇರೆ

ಬಯಲುಸೀಮೆಯ ನೇರ ರಸ್ತೆಯಲ್ಲಿ ಸಣ್ಣದಾಗಿ ಕಾಣುವ ದೋಷ ನಮ್ಮ ಘಟ್ಟದಲ್ಲಿ ಪ್ರಾಣಾಂತಕವಾಗುತ್ತದೆ. ಕುಮಟೆಯಿಂದ ಶಿರಸಿಗೆ ಏರುವ ದೇವಿಮನೆ ಘಟ್ಟ, ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಏರುವ ಹೆದ್ದಾರಿ, ಭಟ್ಕಳದಿಂದ ಸಾಗರದ ಕಡೆಗಿನ ಕೋಗಾರ ಘಟ್ಟ, ಇವುಗಳಲ್ಲಿ ಇಳಿಯುವಾಗ ಬ್ರೇಕು ಕಾದು ಸೋಲುವುದನ್ನು ಪ್ರತಿಯೊಬ್ಬ ಲಾರಿ ಚಾಲಕನೂ ಬಲ್ಲ. ಒಂದು ಲೀಟರ್ ನೀರೆಂದರೆ ಒಂದು ಕಿಲೋ; 500 ಲೀಟರಿನ ಟಾಕಿ ಕೂಡಿಸಿದರೆ ಅರ್ಧ ಟನ್. ಅದು ಅರ್ಧ ತುಂಬಿದ್ದಾಗ ತಿರುವಿನಲ್ಲಿ ನೀರು ಒಂದೇ ಮಗ್ಗುಲಿಗೆ ನುಗ್ಗುತ್ತದೆ. ಮಂಚ, ಕಪಾಟು, ಚಾವಣಿಯ ಮೇಲಿನ ಸಾಮಾನು ಸೇರಿದಾಗ ವಾಹನದ ಭಾರಕೇಂದ್ರವೇ ಮೇಲಕ್ಕೇರುತ್ತದೆ. ಇದನ್ನು ತೂಗಿ ನೋಡಿ ಬರೆದಿಡುವ ಕ್ರಿಯೆಗೇ ನೋಂದಣಿ ಎಂದು ಹೆಸರು.

2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ನದಿಯೊಳಗೆ ಹುದುಗಿದ್ದ ಲಾರಿಯೊಂದು ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಮೇಲಿದ್ದ ಲಾರಿ ನೀರಿಗೆ ಬಿತ್ತು. ಕಡಿದ ಗುಡ್ಡದ ಕೆಳಗೆ ರಾತ್ರಿಯಿಡೀ ‘ಮನೆ’ ನಿಲ್ಲಿಸುವುದೆಂದರೇನು, ತೂಕ ತಿಳಿಯದ ವಾಹನವನ್ನು ಹಳ್ಳದ ಮೋರಿಯ ಮೇಲೆ ಹಾಯಿಸುವುದೆಂದರೇನು ಎಂಬುದನ್ನು ಈ ಎರಡು ಘಟನೆಗಳ ಬಳಿಕವೂ ಬಿಡಿಸಿ ಹೇಳಬೇಕೇ?

ಕೃಷಿ ವಿಜ್ಞಾನಿಯಾಗಿ ಇನ್ನೆರಡು ಮಾತು. ತೇವವಿರುವ ಮಣ್ಣಿನ ಮೇಲೆ ಭಾರದ ಗಾಲಿ ಮೊದಲ ಸಲ ಹಾಯ್ದಾಗಲೇ ಹೆಚ್ಚಿನ ಹಾನಿಯಾಗಿಬಿಡುತ್ತದೆ. ಮಣ್ಣು ಬಿಗಿದು ನೀರು ಇಂಗದೆ ಹರಿದುಹೋಗುತ್ತದೆ. ಕಾಳುಮೆಣಸಿನ ಸೊರಗು ರೋಗದ ಫೈಟಾಫ್ತೊರಾ ರೋಗಾಣುವು ಮಣ್ಣಿನೊಂದಿಗೆ ಸಾಗುವಂಥದ್ದು. ಒಂದು ತೋಟದ ಕೆಸರನ್ನು ಮೆತ್ತಿಕೊಂಡ ದೊಡ್ಡ ಗಾಲಿಗಳು ಹಳ್ಳಿಹಳ್ಳಿಗೆ ನಾಟಿ ಬೀಜವನ್ನು ಮಾತ್ರ ಹಂಚುತ್ತವೆಯೇ? 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಯ ಚಿಪ್ಪಿಕಲ್ಲು, ಕಗ್ಗದ ಗದ್ದೆಗಳನ್ನು ನಂಬಿ ಬದುಕುವವರ ದಡದಲ್ಲಿ ಶೌಚದ ಟಾಕಿಯನ್ನು ಖಾಲಿ ಮಾಡಿ ಹೋದ ವಾಹನವನ್ನು ಹುಡುಕಲು ಸಂಖ್ಯಾಫಲಕವೊಂದೇ ಆಧಾರ. ಫಲಕವೇ ಇಲ್ಲದವನನ್ನು ಎಲ್ಲಿ ಹುಡುಕೋಣ?

ಮರುಬಳಕೆ ಎಂಬ ಸಮರ್ಥನೆ

ನನ್ನ ವಿರುದ್ಧದ ಬಲವಾದ ವಾದವೆಂದರೆ ಮರುಬಳಕೆ. ಹಳೆಯ ಉಕ್ಕನ್ನು ಕರಗಿಸುವುದಕ್ಕಿಂತ ಇದ್ದ ರೂಪದಲ್ಲೇ ಬಳಸುವುದು ಮೇಲಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ತತ್ತ್ವವನ್ನು ಒಪ್ಪುತ್ತೇನೆ. ಆದರೆ ಉಕ್ಕಿನ ಮರುಬಳಕೆ ಬೇರೆ, ಹಳೆಯ ಡೀಸೆಲ್ ಎಂಜಿನನ್ನು ಮತ್ತೆ ಉರಿಸುವುದು ಬೇರೆ. ಭಾರತ್ ಸ್ಟೇಜ್ ಮಾಲಿನ್ಯ ಮಿತಿಗಳು ಬರುವುದಕ್ಕೂ ಮೊದಲಿನ ಎಂಜಿನನ್ನು ಸುತ್ತಾಟಕ್ಕೆ ಬಳಸಿ ಅದನ್ನು ಪರಿಸರ ಕಾರ್ಯವೆಂದು ಕರೆಯುವುದು ಆತ್ಮವಂಚನೆ. ಬೀಜದ ಕೋಠಿ ಬೇಕಾದರೆ ಲಾರಿಯ ಬಾಡಿಯನ್ನಷ್ಟೇ ಗುಜರಿಯಲ್ಲಿ ಕೊಂಡು, ಶಾಲೆಯ ಅಂಗಳದಲ್ಲಿ ಕಲ್ಲಿನ ಕಟ್ಟೆಯ ಮೇಲೆ ನಿಲ್ಲಿಸೋಣ. ಎಂಜಿನ್ ಮತ್ತು ಗಾಲಿ ಇಲ್ಲದ ಪೆಟ್ಟಿಗೆಗೆ ನೋಂದಣಿಯೂ ಬೇಡ, ವಿಮೆಯೂ ಬೇಡ. ಹಳ್ಳಿಗಳಿಗೆ ಬೀಜ ಒಯ್ಯಲು ಸರಕಾರಿ ಬಸ್ಸು ಇದೆ. ಇಷ್ಟು ವರ್ಷ ನಾವು ಒಯ್ದದ್ದೂ ಅದರಲ್ಲೇ.

ಸರಕಾರದ ತಪ್ಪನ್ನೂ ಹೇಳದೆ ಬಿಡಲಾಗದು. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ತಂದಿತು. ಹವಾನಿಯಂತ್ರಿತ ಹೊಸ ವಾಹನ ಕೊಳ್ಳಬಲ್ಲ ಉದ್ಯಮಿಗಳಿಗೆ ಕೆಂಪು ಹಾಸು ಹಾಸುವ ವ್ಯವಸ್ಥೆಯಲ್ಲಿ, ಹಳೆಯದನ್ನು ಪ್ರಾಮಾಣಿಕವಾಗಿ ಸರಿಪಡಿಸಿ ಪರೀಕ್ಷೆಗೆ ಒಡ್ಡುವ ಸಾಮಾನ್ಯನಿಗೆ ಕೈಗೆಟುಕುವ ದಾರಿಯಿಲ್ಲ. ದಾರಿಯಿಲ್ಲದಲ್ಲಿ ಕಳ್ಳದಾರಿ ಹುಟ್ಟುತ್ತದೆ, ದಲ್ಲಾಳಿ ಬೆಳೆಯುತ್ತಾನೆ. ಆದರೆ ಬಾಗಿಲು ಇಕ್ಕಟ್ಟಾಗಿದೆಯೆಂದು ಬೇಲಿ ಹಾರುವುದು ಚಳವಳಿಯ ಮಾರ್ಗವಲ್ಲ. ಬಾಗಿಲನ್ನು ಅಗಲಿಸಿರೆಂದು ಕೇಳುವುದು ಚಳವಳಿ.

ಆದ್ದರಿಂದ ಮುಂದಿನ ಸಭೆಯ ಮುಂದೆ ನಾಲ್ಕು ನಿರ್ಣಯಗಳನ್ನು ಇಡುತ್ತಿದ್ದೇನೆ. ಒಂದು, ನಮೂನೆ 21ರ ಮೂಲ ಮಾರಾಟ ಪತ್ರವನ್ನು ಕಣ್ಣಾರೆ ಕಾಣದೆ, ಮಾಡಬೇಕೆಂದಿರುವ ಮಾರ್ಪಾಡಿನ ಬಗ್ಗೆ ಸಾರಿಗೆ ಕಚೇರಿಯಿಂದಲೂ ವಿಮಾ ಕಂಪನಿಯಿಂದಲೂ ಲಿಖಿತ ಉತ್ತರ ಪಡೆಯದೆ ಬಳಗವು ಯಾವುದೇ ಸೈನ್ಯದ ವಾಹನಕ್ಕೆ ಮುಂಗಡ ಕೊಡಬಾರದು. ಎರಡು, ಇಂಥ ವಾಹನದ ನೋಂದಣಿಯ ಕ್ರಮವನ್ನು ಸರಳ ಕನ್ನಡದಲ್ಲಿ ಅಚ್ಚು ಮಾಡಿ ಫಲಕದಲ್ಲಿ ಹಾಕಬೇಕೆಂದೂ, ಒಂಟಿ ವಾಹನವನ್ನು ಪರೀಕ್ಷಿಸುವ ಸುಲಭ ಏರ್ಪಾಡು ಬೇಕೆಂದೂ ಸಾರಿಗೆ ಇಲಾಖೆಗೆ ಮನವಿ ಸಲ್ಲಿಸಬೇಕು. ಮೂರು, ತಮ್ಮ ಬೇಣ, ತೋಟ, ಅಂಗಳಗಳಲ್ಲಿ ಮನೆ-ಲಾರಿ ನಿಲ್ಲಿಸಲು ಜಾಗ ಕೊಡುವ ರೈತರು ಆರ್.ಸಿ. ಮತ್ತು ವಿಮೆಯನ್ನು ನೋಡಿಯೇ ಕೊಡಬೇಕು. ಸಂಖ್ಯಾಫಲಕದ ಮೇಲಿಂದ ಎಂಪರಿವಾಹನ್ ಆ್ಯಪಿನಲ್ಲಿ ಇವೆರಡನ್ನೂ ಪರಿಶೀಲಿಸಬಹುದು. ಮನೆಯ ಹಿರಿಯರಿಗೆ ಇದನ್ನು ಕಲಿಸುವ ಕೆಲಸ ವಿದ್ಯಾರ್ಥಿಗಳದ್ದು. ನಾಲ್ಕು, ನಮ್ಮ ಯಾವ ಶಿಬಿರಕ್ಕೂ ಮಕ್ಕಳನ್ನು ಸರಕು ವಾಹನದ ಹಿಂಬದಿಯಲ್ಲಿ ಒಯ್ಯಬಾರದು.

ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲದ ದಂಡ 2,000 ರೂಪಾಯಿ. ಅದರ ಬದಲಿಗೆ ಅಥವಾ ಅದರೊಂದಿಗೆ ಮೂರು ತಿಂಗಳವರೆಗಿನ ಸೆರೆಯನ್ನೂ ವಿಧಿಸಬಹುದು. ‘ಎರಡು ಸಾವಿರ ತಾನೇ, ಕಟ್ಟಿದರಾಯಿತು’ ಎನ್ನುವವರಿಗೆ ನನ್ನ ಪ್ರಶ್ನೆ ಇದು. ದಂಡ ಸರಕಾರಕ್ಕೆ ಹೋಗುತ್ತದೆ. ಕಾಲು ಕಳೆದುಕೊಂಡ ಕೊನೆಗಾರನಿಗೆ ಏನು ಸಿಗುತ್ತದೆ? ನ್ಯಾಯಮಂಡಳಿ ಅವನ ಪರವಾಗಿ ಆದೇಶ ಕೊಡಬಹುದು. ಹಣ ಕೊಡಬೇಕಾದವನು ಮಾಲೀಕ, ಅಂದರೆ ನಾವು. ಬಳಗದ ಖಜಾನೆಯಲ್ಲಿ ಇರುವುದೆಷ್ಟೆಂದು ನಮಗೆಲ್ಲ ಗೊತ್ತು. ಒಂದೋ ನಮ್ಮಲ್ಲಿ ಯಾರದೋ ಅಡಿಕೆ ತೋಟ ಹರಾಜಿಗೆ ಬರುತ್ತದೆ, ಇಲ್ಲವೇ ಆ ಆದೇಶ ಬಡವನ ಮನೆಯ ಮಾಡಿನಲ್ಲಿ ಹಾಗೆಯೇ ಉಳಿಯುತ್ತದೆ. ಎರಡೂ ನಮಗೆ ಒಪ್ಪಿಗೆಯೇ?

ಒಪ್ಪಿಗೆಯಲ್ಲವಾದರೆ ಮುಂದಿನ ಸಭೆಗೆ ತಪ್ಪದೆ ಬನ್ನಿರಿ. ಲಾರಿ ಬೇಕೆನ್ನುವ ಗೆಳೆಯರು ಮೂಲ ಪತ್ರವನ್ನು ಹಿಡಿದುಕೊಂಡು ಬರಲಿ. ಅದು ಸರಿಯಿದ್ದರೆ, ಹೊನ್ನಾವರದ ಕಚೇರಿಗೆ ಮೊದಲ ಅರ್ಜಿ ಬರೆದುಕೊಡುವವನು ನಾನೇ.